ತಳ ಮುಟ್ಟದ ಮಾಂಸ

ಎಂಬತ್ಮೂರರ ಬೇಸಿಗೆ. ಯಶವಂತಪುರದ ಕಾರ್ಖಾನೆಯೊಂದರ ಗೇಟಿನ ಮುಂದೆ ಮಾಲೀಕನ ಗೂಂಡಾಗಳು ನನ್ನ ತಮ್ಮ ನಾಗಲಿಂಗನ ಎಡಗಾಲನ್ನು ಸಲಾಕೆಯಿಂದ ಜಜ್ಜಿದರು. ಮುಷ್ಕರದಲ್ಲಿ ಮುಂದೆ ನಿಂತಿದ್ದೇ ಅವನ ತಪ್ಪು. ಒಬ್ಬ ತಲೆಯ ಮೇಲೆ ಕೂತ, ಇಬ್ಬರು ಕಾಲು ಹಿಡಿದರು, ಇನ್ನೊಬ್ಬ ಕಟ್ಟಿಗೆ ಸೀಳಿದಂತೆ ಹೊಡೆದ. ಪೊಲೀಸರು ಎದುರಿನ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದರು. ಆಸ್ಪತ್ರೆಯಲ್ಲಿ ಆ ಕಾಲನ್ನು ತೊಡೆಯ ನಡುವೆ ಕತ್ತರಿಸಿದರು.

ಕಾಲು ಕೊಡಿ, ಹೂಳಬೇಕು ಎಂದು ಕೇಳಲು ಹೋದೆ. ಸುಟ್ಟಾಗಿತ್ತು. ನಾನು ಫಿಟ್ಟರ್ ಆಗಿದ್ದ ಹೆಬ್ಬಾಳದ ಸಂಶೋಧನಾಲಯದ ಡಾಕ್ಟರ್ ವೆಂಕಟೇಶಪ್ಪ ಮಾತ್ರ ಅದರಿಂದ ಒಂದು ಚೂರು ಮಾಂಸ ಕೊಯ್ದು ತಂದಿದ್ದರು.

"ಬೇಜಾರ್ ಮಾಡ್ಕೋಬೇಡ ಕಣೋ ಮುರಿಗೆಪ್ಪ," ಅಂದರು. "ನಿನ್ ತಮ್ಮನ ಜೀವಕೋಶ ಬೆಳೆಸ್ತೀವಿ. ಭಾರಾನೇ ಇಲ್ದಂಗೆ, ರಾಕೆಟ್ಟಲ್ಲಿ ಹೋದ್ರೆ ಹೆಂಗೋ ಹಂಗೆ. ಮಿಷಿನ್ ನೀನೇ ಮಾಡ್ಕೊಡು."

ಮಾಡಿಕೊಟ್ಟೆ. ಬಲ್ಬಿನ ಕಾವಿನ ಪೆಟ್ಟಿಗೆ, ಒಳಗೆ ಅಡ್ಡ ಮಲಗಿದ ಗಾಜಿನ ನಳಿಗೆ, ನಳಿಗೆಯ ತುಂಬ ಮಾಂಸಕ್ಕೆ ಆಹಾರವಾದ ಕೆಂಪು ನೀರು. ಮೋಟರ್ ಅದನ್ನು ಬಿಡುವಿಲ್ಲದೆ ತಿರುಗಿಸುತ್ತದೆ. ಒಳಗಿನ ಮಾಂಸ ಬೀಳುತ್ತಲೇ ಇರುತ್ತದೆ, ತಳ ಮುಟ್ಟುವುದಿಲ್ಲ. ಅದಕ್ಕೇ ಭಾರ ಅನ್ನುವುದು ಗೊತ್ತಾಗುವುದಿಲ್ಲ. ಕರೆಂಟು ಹೋದರೆ ಕೈಯಲ್ಲಿ ತಿರುಗಿಸಲು ಒಂದು ಕಬ್ಬಿಣದ ಹ್ಯಾಂಡಲ್ ಹಾಕಿದ್ದೆ. ನಿಂತರೆ ಎಲ್ಲ ತಳ ಕಚ್ಚಿ ಸಾಯುತ್ತದೆ.

ಮತ್ತಿಕೆರೆಯ ನಮ್ಮ ಕೋಣೆಯಲ್ಲಿ ನಾಗಲಿಂಗ ಗೋಡೆಗೆ ಮುಖ ಮಾಡಿ ಊಟ ಬಿಟ್ಟ. ಏಳನೇ ದಿನ ನನಗೆ ಬೇರೆ ದಾರಿ ಕಾಣಲಿಲ್ಲ.

"ನಿನ್ನ ಕಾಲು ನಮ್ಮ ಮಿಷಿನ್ನಿನ್ಯಾಗ ಬೆಳೀಲಿಕ್ಕತ್ತೈತಿ, ತಮ್ಮಾ."

ರೊಟ್ಟಿ ಮುರಿದ. ಅವತ್ತಿನಿಂದ ದಿನಾ ಒಂದೇ ಪ್ರಶ್ನೆ.

"ಎಲ್ಲೀತನಕ ಬಂತೋ ಅಣ್ಣಾ?"

"ಮೊಳಕಾಲು ದಾಟೈತಿ."

"ಉಗುರು ಸ್ವಚ್ಛ ಇರ್ಲಿ ಅಂತ ಹೇಳು. ಮೊದಲಿನವು ಗ್ರೀಸ್ ಕುಡದು ಕರ್ರಗಾಗಿದ್ವು." ಹೇಳಿ ನಗುತ್ತಿದ್ದ. ಒಂದು ಜೊತೆ ಹೊಸ ಚಪ್ಪಲಿ ಹೊಲಿಸಿಕೊಂಡ.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ದೆಹಲಿಯಿಂದ ದೊಡ್ಡವರು ಮಿಷಿನ್ ನೋಡಲು ಬಂದರು. ಆಗಲೇ ಕರೆಂಟು ಹೋಯಿತು. ನಾನು ಹ್ಯಾಂಡಲ್ ತಿರುಗಿಸುತ್ತಾ ನಿಂತೆ. ಬಾಗಿಲಲ್ಲಿ ವಾಚ್‌ಮನ್ ಮುನಿಆಂಜಿನಪ್ಪ, ಚಿಕ್ಕಜಾಲದವನು.

"ಸಾ, ಮುರಿಗೆಪ್ಪನ ತಮ್ಮ. ಕಾಲು ಇಸ್ಕೊಂಡ್ ಓಗಾಕ್ ಬಂದವ್ನಂತೆ."

ಕಂಕುಳಲ್ಲಿ ಊರುಗೋಲು, ಕೈಯಲ್ಲಿ ಎಡಗಾಲಿನ ಚಪ್ಪಲಿ. ನಾಗಲಿಂಗ ಒಳಗೆ ಬಂದ.

"ಎಲ್ಲೈತ್ರೀ ಸಾಹೇಬ್ರ?"

ಡಾಕ್ಟರು ನಗುತ್ತಾ ನಳಿಗೆಯತ್ತ ಬೆರಳು ತೋರಿದರು. ಸಾಸಿವೆಯಷ್ಟು ಬೆಳ್ಳನೆಯ ಚೂರು. ತಮ್ಮ ನನ್ನನ್ನು ನೋಡಿದ.

"ಅಣ್ಣಾ, ಮೊಳಕಾಲು?"

ನಾನು ಹ್ಯಾಂಡಲ್ ತಿರುಗಿಸಿದೆ.

"ಕಾಲು ಬರುತ್ತೆ ಅಂತ ಯಾವನಯ್ಯಾ ಹೇಳಿದ್ದು?" ಅಂದರು ಡಾಕ್ಟರು. "ನಿನ್ ಮಾಂಸ ಒಂದಿನ ಆಕಾಶಕ್ಕೇ ಹೋಗ್ಬಹುದು, ಖುಷಿ ಪಡು."

"ಯಾರನ್ನ ಕೇಳಿ ತಗೊಂಡ್ರಿ?"

"ಕೇಳೋಕೆ ನಿಂಗೆ ಪ್ರಜ್ಞೆ ಇತ್ತೇನೋ?"

ನಾಗಲಿಂಗ ಊರುಗೋಲು ಬೀಸಿದ. ಡಾಕ್ಟರ ಕನ್ನಡಕ ಪುಡಿಯಾಯಿತು, ಕೆನ್ನೆ ಸೀಳಿತು. ದೆಹಲಿಯವರು ಬಾಗಿಲಿಗೆ ಓಡಿದರು.

"ಹೊಡಿಯೋ ಅವನ್ನ!" ಡಾಕ್ಟರು ವಾಚ್‌ಮನ್ನನಿಗೆ ಕೂಗಿದರು.

"ಸಾ, ಕುಂಟ ಸಾ..." ಮುನಿಆಂಜಿನಪ್ಪ ಲಾಠಿ ಹಿಡಿದು ನಿಂತ.

"ಕೆಲ್ಸ ಬೇಕೋ ಬೇಡ್ವೋ ನಿಂಗೆ?"

ಹೊಡೆದ. ಬೆನ್ನಿಗೆ, ತಲೆಗೆ, ಬಿದ್ದ ಮೇಲೆ ಮೊಂಡು ತೊಡೆಗೆ. ಮಾಗಿದ್ದ ಗಾಯ ಒಡೆದು ಸಿಮೆಂಟಿನ ಮೇಲೆ ರಕ್ತ ಹರಿಯಿತು. ನಾನು ತಿರುಗಿಸುತ್ತಲೇ ಇದ್ದೆ. ಅವನ ಕಾಲಿನಲ್ಲಿ ಇನ್ನೂ ಜೀವ ಹಿಡಿದಿದ್ದುದು ಆ ಸಾಸಿವೆಯೊಂದೇ, ಕೈ ಬಿಟ್ಟರೆ ಅದೂ ಇಲ್ಲ. ಹಾಗಂತ ನನಗೆ ನಾನೇ ಹೇಳಿಕೊಂಡೆ.

"ತಿರುಗ್ಸು ಮುರಿಗೆಪ್ಪ, ನಿಲ್ಲಿಸ್ಬೇಡ!" ಕೆನ್ನೆ ಒತ್ತಿ ಹಿಡಿದ ಡಾಕ್ಟರು ಚೀರಿದರು.

ಗೇಟಿನ ಮುಂದೆ ತಮ್ಮನ ತಲೆಯ ಮೇಲೆ ಕೂತಿದ್ದವನಿಗೂ ಯಾರೋ ಹೀಗೇ ಹೇಳಿರಬೇಕು. ಅವನೂ ನನ್ನ ಹಾಗೆಯೇ ಹೇಳಿದ್ದನ್ನು ಮಾಡಿರಬೇಕು.

"ಅಣ್ಣಾ," ನೆಲದಿಂದ ನಾಗಲಿಂಗ ಕರೆದ. ಬಾಯಿ ತುಂಬ ರಕ್ತ. "ಅದು ನಂದು. ನಾ ಹೇಳ್ತೀನಿ. ಕೈ ಬಿಡೋ."

ಹ್ಯಾಂಡಲ್ ಕಿತ್ತು ಬೀಸಿದೆ. ಮುನಿಆಂಜಿನಪ್ಪನ ಮಣಿಕಟ್ಟು ಲಟಕ್ಕೆಂದಿತು, ಲಾಠಿ ಬಿತ್ತು. ಆ ಏಟು ಬೀಳಬೇಕಾಗಿದ್ದುದು ಡಾಕ್ಟರ ಮೇಲೆ. ಬಡವನ ಏಟು ಹತ್ತಿರ ಸಿಕ್ಕ ಬಡವನಿಗೇ ಬೀಳುತ್ತದೆ. ಡಾಕ್ಟರು ಪೊಲೀಸರಿಗೆ ಫೋನ್ ಮಾಡಲು ಓಡಿದರು.

ನಳಿಗೆ ನಿಂತಿತು. ಸಾಸಿವೆ ಮೆಲ್ಲಗೆ ಇಳಿದು ತಳ ಮುಟ್ಟಿತು.

ನಾಗಲಿಂಗ ತೆವಳಿ ಬಂದು ನಳಿಗೆ ತೆಗೆದು, ಅಂಗೈಗೆ ಸುರಿದುಕೊಂಡು ಮುಷ್ಟಿ ಕಟ್ಟಿದ. "ಹೂಳೂಣು ನಡಿ."

"ಗೇಟ್ ಪಕ್ಕ ಮಣ್ಣು ಮೆತ್ತಗೈತೆ," ಅಂದ ಮುನಿಆಂಜಿನಪ್ಪ, ಮುರಿದ ಕೈಯನ್ನು ಎದೆಗೆ ಅವುಚಿಕೊಂಡು. "ಜೀಪ್ ಬರಾದ್ರೊಳ್ಗೆ ಓಗ್ರಿ. ಆಳಾಗ್ ಓಗ್ರಿ ಅಂತೀನಿ!"

ತಮ್ಮನನ್ನು ಹೊತ್ತು ಒಯ್ದೆ. ಅದೇ ಹ್ಯಾಂಡಲಿನಿಂದ ತೋಡಿದೆ. ಗೇಣು ಆಳಕ್ಕೆ ಸಾಕು ಅಂದುಕೊಂಡೆ.

"ಇನ್ನೂ ತೋಡು," ಅಂದ. "ಅದು ಕಾಲು."

ತೊಡೆಯುದ್ದ ತೋಡುವ ತನಕ ಅವನು ಮುಷ್ಟಿ ಬಿಚ್ಚಲಿಲ್ಲ. ಜೀಪು ಗೇಟಿಗೆ ಬಂದು ನಿಂತಾಗ ಹೊಸ ಚಪ್ಪಲಿಯನ್ನೂ ಗುಂಡಿಗಿಟ್ಟು, ಎರಡೂ ಕೈಯಿಂದ ಮಣ್ಣು ಎಳೆಯುತ್ತಿದ್ದ.