ಮಾವನ ಕೊನೆಯ ಹಾರಾಟ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ದೂರದಿಂದ ಹೇಗೋ ಸಹಿಸಬಹುದು. ಅಂಥವನೇ ವಿಮಾನದ ಕ್ಯಾಪ್ಟನ್ನೂ ಆಗಿ, ಮನೆಯಲ್ಲಿ ಮಾವನೂ ಆಗಿಬಿಟ್ಟರೆ? ಕೋಪೈಲಟ್ ಸೊಸೆಗೆ ಎರಡೂ ಒಟ್ಟಿಗೇ ಗಂಟುಬಿದ್ದಿದ್ದವು. ಮನಸ್ಸಿನೊಳಗೆ ಅವನಿಗೆ ಬಹುವಚನ ಕೊಡುವುದನ್ನು ಅವಳು ಎಂದೋ ಬಿಟ್ಟಿದ್ದಳು.

ನಿವೃತ್ತಿಗೆ ಮುಂಚಿನ ಕೊನೆಯ ಹಾರಾಟದಲ್ಲಿ ಪಕ್ಕದ ಸೀಟಿಗೆ ಅವಳೇ ಬೇಕೆಂದು ಮಾವ ಆಫೀಸಿನಲ್ಲಿ ಹೇಳಿ ಹಾಕಿಸಿಕೊಂಡಿದ್ದ. ಪ್ರೀತಿಯಿಂದಲ್ಲ, ತನ್ನ ವೈಭವ ನೋಡುವವರು ಬೇಕಿತ್ತು. ಹಿಂದೆ ಮೊದಲ ಸಾಲಿನಲ್ಲಿ ಅತ್ತೆ, ಅವರ ಪಕ್ಕದಲ್ಲಿ ಅವಳ ಪುಟ್ಟ ಮಗಳು ಕೂತಿದ್ದರು.

ಅರ್ಧ ದಾರಿಯಲ್ಲಿ ಗಂಟೆ ಬಡಿದುಕೊಂಡು ಕೆಂಪು ದೀಪ ಹತ್ತಿತು. ವಿಮಾನದ ಹೊಟ್ಟೆಯಲ್ಲಿರುವ ಲಗೇಜ್ ಕೋಣೆಯಲ್ಲಿ ಹೊಗೆ! ಹಾರುವಾಗ ಅಲ್ಲಿಗೆ ಹೋಗಿ ನೋಡಿ ಬರಲು ದಾರಿಯಿಲ್ಲ. ಅದಕ್ಕೇ ನಿಯಮ ಚಿಕ್ಕದು: ದೀಪವನ್ನು ನಂಬು, ಬೆಂಕಿ ಆರಿಸುವ ಅನಿಲ ಬಿಡು, ಹತ್ತಿರದ ನಿಲ್ದಾಣದಲ್ಲಿ ಇಳಿ.

ಮಾವ ಮಾಡಿದ್ದು ಒಂದೇ ಕೆಲಸ, ಗಂಟೆಯ ಬಾಯಿ ಮುಚ್ಚಿಸಿದ್ದು.

"ಕೆಳಗೆ ಸೊಪ್ಪು, ತರಕಾರಿ ತುಂಬಿದ್ದಾರೆ. ಆ ತೇವಕ್ಕೆ ದೀಪ ಹತ್ಕೊಂಡಿದೆ ಅಷ್ಟೆ. ಇಂಥವು ನಾನೆಷ್ಟು ನೋಡಿಲ್ಲ!"

"ಅನಿಲ ಬಿಡ್ಬೇಕು ಕ್ಯಾಪ್ಟನ್. ಹತ್ತಿರದ ನಿಲ್ದಾಣ ಎಡಕ್ಕಿದೆ, ತಿರುಗಿಸಿ."

"ಅಲ್ಲಿ ಇಳಿದು ಏನ್ ಮಾಡೋಣ? ನನ್ನ ಜನ ಎಲ್ಲ ಆ ಕಡೆ ಕಾಯ್ತಿದ್ದಾರೆ. ಹೂಗುಚ್ಛ, ಕ್ಯಾಮೆರಾ ಎಲ್ಲ ತಂದಿದ್ದಾರೆ. ಸುಮ್ನೆ ಕೂತ್ಕೊಳಮ್ಮ."

ಹೂಗುಚ್ಛ! ಅವಳಿಗೆ ಹೇಸಿಗೆಯಾಯಿತು. ಇಷ್ಟು ದಿನ ಇವನನ್ನು ಬರೀ ಜಂಬದ ಕೋಳಿ ಎಂದುಕೊಂಡಿದ್ದಳು. ಆ ಜಂಬಕ್ಕಾಗಿ ಸ್ವಂತ ಮೊಮ್ಮಗಳನ್ನೂ ಪಣಕ್ಕಿಡುವವನೆಂದು ಗೊತ್ತಿರಲಿಲ್ಲ.

"ಎರಡನೇ ಸಲ ಹೇಳ್ತಿದೀನಿ. ತಿರುಗಿಸಿ."

"ಮನೆಗೆ ಹೋದ್ಮೇಲೆ ಮಾತಾಡೋಣ," ಎಂದು ಮಾವ ನಕ್ಕ.

ವಿಮಾನ ಅವನ ಕೈಯಲ್ಲಿತ್ತು, ರೇಡಿಯೊ ಅವಳ ಕೈಯಲ್ಲಿತ್ತು. ಗುಂಡಿ ಒತ್ತಿ ಅನಿಲ ಬಿಟ್ಟಳು. ನೆಲದ ನಿಯಂತ್ರಣ ಕೊಠಡಿಯವರನ್ನು ಕರೆದು, ಹೊಗೆಯ ಎಚ್ಚರಿಕೆ ಬಂದಿದೆ, ಈಗಲೇ ಇಳಿಯುತ್ತೇವೆ, ಅಗ್ನಿಶಾಮಕದವರು ಸಿದ್ಧವಿರಲಿ ಎಂದಳು. ಹೀಗೆ ನಾಲ್ಕು ಜನರ ಕಿವಿಗೆ ಬಿದ್ದ ಮಾತನ್ನು ಯಾವ ಕ್ಯಾಪ್ಟನ್ನೂ ನುಂಗಿಹಾಕಲಾರ. ಮಾವ ಹಲ್ಲು ಕಡಿಯುತ್ತ ವಿಮಾನ ತಿರುಗಿಸಿದ. ಇಳಿಸಿದ್ದೇನೋ ಚೆನ್ನಾಗಿಯೇ ಇಳಿಸಿದ. ಕೈಗಿದ್ದ ಬುದ್ಧಿ ತಲೆಗಿರಲಿಲ್ಲ, ಅಷ್ಟೇ.

ಅಗ್ನಿಶಾಮಕದವರು ಲಗೇಜ್ ಕೋಣೆ ತೆರೆದು ನೋಡಿದರು. ಬೆಂಕಿಯಿಲ್ಲ, ಮಸಿಯಿಲ್ಲ, ನೀರು ತೊಟ್ಟಿಕ್ಕುವ ಸೊಪ್ಪಿನ ಪೆಟ್ಟಿಗೆಗಳು ಮಾತ್ರ. ಸುದ್ದಿ ಕೇಳಿ ಮಾವನಿಗೆ ಹಾಲು ಕುಡಿದಷ್ಟು ಸಂತೋಷ. ಆ ಸಣ್ಣ ನಿಲ್ದಾಣದ ಕಾಯುವ ಕೋಣೆಯಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಗೊಣಗುತ್ತಿದ್ದ ಪ್ರಯಾಣಿಕರ ಮುಂದೆ ಶುರುಮಾಡಿದ.

"ಬೆಟ್ಟ ಅಗೆದು ಇಲಿ ಹಿಡಿಯೋದು ಅಂತಾರಲ್ಲ, ಬೇಡ ಬೇಡ ಅಂದ್ರೂ ಇಳಿಸಿದ ನಮ್ಮ ಸೊಸೆಗೆ ಇಲಿನೂ ಸಿಗ್ಲಿಲ್ಲ ನೋಡಿ!"

ಕೆಲವರು ನಕ್ಕರು. ಸೊಸೆ ಗೋಡೆ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಸಿಟ್ಟಿಗಿಂತ ಅವಳಿಗೆ ಅಸಹ್ಯವೇ ಹೆಚ್ಚಾಗಿತ್ತು.

ಅತ್ತೆ ಗಂಡನ ಎದುರಿಗೆ ಬಂದು ನಿಂತರು.

"ರೀ, ಬೆಂಕಿ ಇಲ್ಲ ಅಂತ ನಿಮಗೆ ಮೇಲಿದ್ದಾಗಲೇ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಇಂಥವು ಹತ್ತಕ್ಕೆ ಒಂಬತ್ತು ಸುಳ್ಳೇ ಕಣೇ."

"ಹತ್ತನೇದು?"

ಅತ್ತೆ ಗಂಡನ ತೊಡೆಯಿಂದ ಮಗುವನ್ನು ಎತ್ತಿಕೊಂಡು ಬಂದು ಸೊಸೆಯ ಪಕ್ಕದಲ್ಲಿ ಕೂತರು.

"ಬೇರೆ ವಿಮಾನ ಕಳಿಸ್ತಾರಂತಲ್ಲಮ್ಮ, ಅದನ್ನ ಓಡಿಸೋದು ಯಾರು ಅಂತ ಕೇಳು," ಎಂದರು, ಇಡೀ ಕೋಣೆಗೆ ಕೇಳುವ ಹಾಗೆ. "ನಿಮ್ಮ ಮಾವ ಆದ್ರೆ, ನಾನೂ ಮಗೂನೂ ಬಸ್ಸಲ್ಲಿ ಹೋಗ್ತೀವಿ."