ತೆರಿಗೆ ಇಲ್ಲದವರ ಚಳಿ

ಫೆಬ್ರವರಿ ಬಂತೆಂದರೆ ನಮ್ಮೂರ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಪುಕ್ಕಟೆಯಾಗಿ ತೆರಿಗೆ ಲೆಕ್ಕ ಬರೆದುಕೊಡುತ್ತಾರೆ. ಬರೆಯುವವರು ಕೆಲಸದಿಂದ ನಿವೃತ್ತರಾದ ದೊಡ್ಡಮನುಷ್ಯರು. ಬರೆಸುವವರು ಎಷ್ಟು ಕೆಲಸ ಮಾಡಿದರೂ ದೊಡ್ಡಮನುಷ್ಯರಾಗದ ನಾವು. ಆ ಶುಕ್ರವಾರ ಮಧ್ಯಾಹ್ನ ನನ್ನ ಪಕ್ಕದ ಕುರ್ಚಿಯಲ್ಲಿ ಕೊಲೆಟ್ ಥಿಬೊಡೊ ಕೂತಿದ್ದಳು. ವೃದ್ಧಾಶ್ರಮದ ಅಡುಗೆಮನೆಯಲ್ಲಿ ಬೆಳಗಿನ ಪಾಳಿ ಮುಗಿಸಿ ನೇರವಾಗಿ ಬಂದಿದ್ದಳು. ಕೋಟು ಬಿಚ್ಚಿದರೆ ಬೆಂದ ಓಟ್ಸಿನ ವಾಸನೆ. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ, ಅದರೊಳಗೆ ಚಳಿ ತಡೆಯಲೆಂದು ಮನೆಯ ಸೂರಿಗೆ ತುಂಬಿಸಿದ ಇನ್ಸುಲೇಶನ್ನಿನ ರಸೀದಿಗಳು.

ನ್ಯೂ ಹ್ಯಾಂಪ್‌ಶೈರಿನ ಈ ಉತ್ತರದ ತುದಿಯಲ್ಲಿ ಕಾಗದದ ಕಾರ್ಖಾನೆ ಮುಚ್ಚಿದ ಮೇಲೆ ನಮಗೆ ಉಳಿದಿರುವ ಒಂದೇ ಸುಗ್ಗಿ ಫೆಬ್ರವರಿ. ಕೂಲಿ ಕಡಿಮೆ, ಮಕ್ಕಳಿದ್ದಾರೆ ಎಂದರೆ ಸರ್ಕಾರ ಸಂಬಳದಲ್ಲಿ ಹಿಡಿದದ್ದಕ್ಕಿಂತ ಹೆಚ್ಚನ್ನೇ ವಾಪಸ್ಸು ಕೊಡುತ್ತದೆ. ಆ ದುಡ್ಡು ಬಂದಾಗ ಕಾರಿಗೆ ಟೈರು, ಬಾಕಿ ಕರೆಂಟು ಬಿಲ್ಲು, ಮಕ್ಕಳಿಗೆ ಬೂಟು. ಟೈರಿನ ಅಂಗಡಿಯವನು ಜನವರಿಯಲ್ಲೇ ಬೋರ್ಡು ಹಾಕಿ ಕಾಯುತ್ತಾನೆ. ಆದ್ದರಿಂದ ಹೋದ ಬೇಸಿಗೆಯಲ್ಲಿ ಹಾರ್ಡ್‌ವೇರ್ ಅಂಗಡಿಯ ಕೌಂಟರಿನ ಮೇಲೆ, ಮನೆಗೆ ಇನ್ಸುಲೇಶನ್ ಹಾಕಿಸಿದರೆ ಮಾಲಿನ ಬೆಲೆಯಲ್ಲಿ ಹತ್ತಿರಹತ್ತಿರ ಮೂರನೇ ಒಂದು ಪಾಲು ತೆರಿಗೆಯ ಮೂಲಕ ಸಿಗುತ್ತದೆ ಎಂಬ ಕರಪತ್ರ ಕಂಡಾಗ, ಯಾವಾಗ ಸಿಗುತ್ತದೆ ಎಂದು ನಮ್ಮಲ್ಲಿ ಯಾರೂ ಯಾರನ್ನೂ ಕೇಳಲಿಲ್ಲ. ಫೆಬ್ರವರಿಯಲ್ಲಿ, ಇನ್ಯಾವಾಗ?

ಕರಪತ್ರವನ್ನು ಪಾರ್ಕಿಗೆ ತಂದವಳು ಕೊಲೆಟ್. ಪಾರ್ಕು ಎಂದರೆ ನಮ್ಮ ಟ್ರೈಲರ್ ಮನೆಗಳ ಸಾಲು. ತಗಡಿನ ಗೋಡೆ, ತಗಡಿನ ಸೂರು. ಮನೆ ನಮ್ಮದು, ಅದು ನಿಂತ ನೆಲ ಮಾಲೀಕನದು. ತಿಂಗಳು ತಿಂಗಳು ನೆಲಬಾಡಿಗೆ. ಚಕ್ರದ ಮೇಲಿನ ಮನೆ ಅನ್ನುತ್ತಾರೆ, ಆದರೆ ಚಕ್ರ ತುಕ್ಕು ಹಿಡಿದು ಮಣ್ಣಾಗಿ ಎಷ್ಟೋ ಕಾಲವಾಗಿದೆ. ಕೊಲೆಟ್ ಮನೆಮನೆಗೆ ಹೋಗಿ ಮಾತಾಡಿ, ಎಲ್ಲರ ದುಡ್ಡು ಒಟ್ಟುಹಾಕಿ, ಹಳೆಯ ಪತ್ರಿಕೆ ಅರೆದು ಮಾಡಿದ ಇನ್ಸುಲೇಶನ್ನನ್ನು ಮೂಟೆಗಟ್ಟಲೆ ಕೊಂಡಳು. ಅಷ್ಟು ಮೂಟೆ ಕೊಂಡರೆ ಅದನ್ನು ಸೂರಿನೊಳಗೆ ಊದುವ ಯಂತ್ರವನ್ನು ಅಂಗಡಿಯವರು ಬಾಡಿಗೆಯಿಲ್ಲದೆ ಕೊಡುತ್ತಾರೆ. ಅಕ್ಟೋಬರಿನ ಒಂದು ವಾರ ಅರ್ಧ ಪಾರ್ಕು ಸೂರಿಗೆ ತೂತು ಕೊರೆದು ಊದಿದ್ದೇ ಊದಿದ್ದು. ಸಂಜೆಯ ಹೊತ್ತಿಗೆ ಎಲ್ಲರೂ ಹಿಟ್ಟಿನ ಗಿರಣಿಯಿಂದ ಬಂದವರಂತೆ ಬೂದಿಬಣ್ಣ. ಕರಪತ್ರದ ಮೇಲಿನ ಚಿತ್ರದಲ್ಲಿ ಎರಡಂತಸ್ತಿನ ಮನೆಯ ಮುಂದೆ ಗಂಡಹೆಂಡತಿ ನಗುತ್ತ ನಿಂತಿದ್ದರು. ನಾವು ಅದನ್ನು ಆಗಲೇ ಸರಿಯಾಗಿ ನೋಡಬೇಕಿತ್ತು.

ನಮ್ಮ ಸರದಿ ಬಂತು. ಮೇಜಿನ ಆಚೆ ಪ್ರೆಸ್ಕಾಟ್ ಎಂಬವರು. ಹಿಂದೆ ವಿಮಾ ಕಚೇರಿಯಲ್ಲಿದ್ದವರು, ಮೆತ್ತಗೆ ಮಾತಾಡುವ ಮನುಷ್ಯ. ಕೊಲೆಟ್‌ಳ ಕಾಗದಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಹಾಕಿದರು. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಿ ಮಿಸ್ ಥಿಬೊಡೊ, ನಿಮ್ಮ ಮಗಳ ಲೆಕ್ಕದ್ದು ಎಂದಿನ ಹಾಗೆ ಬರುತ್ತೆ. ಈ ಇನ್ಸುಲೇಶನ್ನಿನದು ಮಾತ್ರ ಬರಲ್ಲ."

"ರಸೀದಿ ಇದೆಯಲ್ಲ, ಸರ್."

"ರಸೀದಿ ಸರಿಯಾಗೇ ಇದೆ. ಮಾಲೂ ಸರಿಯಾದ್ದೇ. ಇದು ನೀವು ಕಟ್ಟಬೇಕಾದ ವರಮಾನ ತೆರಿಗೇಲಿ ಕಳೆಯೋ ದುಡ್ಡು. ನಿಮ್ಮ ವರಮಾನಕ್ಕೆ ತೆರಿಗೇನೇ ಬೀಳಲ್ಲ. ಸೊನ್ನೇಲಿ ಏನು ಕಳೆಯೋದು?"

"ತೆರಿಗೆ ಇಲ್ವಾ?" ಕೊಲೆಟ್ ಸಂಬಳದ ಚೀಟಿ ತೆಗೆದು ಮುಂದೆ ತಳ್ಳಿದಳು. "ಮತ್ತೆ ಪ್ರತಿ ಸಲ ಇದೇನು ಹಿಡಿಯೋದು?"

"ಅದು ಪಿಂಚಣಿಗೆ, ಮುದುಕರ ಆಸ್ಪತ್ರೆ ಖರ್ಚಿಗೆ ಹಿಡಿಯೋದು. ಈ ಲೆಕ್ಕಕ್ಕೆ ಅದು ತೆರಿಗೆ ಅಲ್ಲ."

"ಹಂಗಾದ್ರೆ ಮುಂದಿನ ವರ್ಷಕ್ಕೆ ಜಮಾ ಇಟ್ಕೊಳ್ಳಿ."

"ಅದಕ್ಕೂ ಅವಕಾಶ ಕೊಟ್ಟಿಲ್ಲಮ್ಮ."

ನಾನು ಸುಮ್ಮನಿರಲಾರದೆ ಕೇಳಿದೆ: "ಪಿಂಚಣಿ ಮೇಲೆ ಇರೋರಿಗೆ?"

"ಬರೀ ಪಿಂಚಣಿ ಆದ್ರೆ ಅವರಿಗೂ ತೆರಿಗೆ ಇರಲ್ಲ. ಹಾಗಾಗಿ ಅವರಿಗೂ ಇಲ್ಲ."

"ಮತ್ಯಾರಿಗೆ ಬರುತ್ತೆ ಸ್ವಾಮಿ ಇದು?"

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ನನಗೆ ಬಂತು," ಅಂದರು. "ಸರೋವರದ ದಂಡೆ ಮೇಲಿದೆ ನಮ್ಮನೆ. ಅಟ್ಟಕ್ಕೆಲ್ಲ ಹಾಕಿಸಿದ್ದೆ. ಪೂರ್ತಿ ಬಂತು."

ಸುಳ್ಳು ಹೇಳಲಿಲ್ಲ, ಅಷ್ಟು ಮಟ್ಟಿಗೆ ಒಳ್ಳೆಯವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಚಳಿಗೆ ಯಾರ ಸಂಬಳವೂ ಗೊತ್ತಿಲ್ಲ, ತಗಡನ್ನು ಕಂಡರೆ ಒಳಗೆ ನುಗ್ಗುತ್ತದೆ. ಈ ಕಾನೂನು ಬರೆದವರಿಗೆ ಮಾತ್ರ ಎಲ್ಲರ ಸಂಬಳವೂ ಗೊತ್ತಿತ್ತು. ಗೊತ್ತಿದ್ದೇ, ಬೆಚ್ಚಗಿರುವವರ ಮೇಲೆ ಇನ್ನೊಂದು ಹೊದಿಕೆ ಹೊದಿಸಿದರು; ನಡುಗುವವರಿಗೆ ಅದರ ಕರಪತ್ರ ಹಂಚಿದರು.

ಹೊರಗೆ ಬಂದು ಕಾರಿನಲ್ಲಿ ಕೂತು ಹೀಟರು ಹಚ್ಚಿದೆ. ಮಾತಾಡಬೇಕಾದ ವಿಷಯ ಇನ್ಸುಲೇಶನ್ನಿಗಿಂತ ದೊಡ್ಡದಿತ್ತು. ನಮ್ಮ ಪಾರ್ಕನ್ನು ಮಾಲೀಕ ಮಾರಾಟಕ್ಕೆ ಇಟ್ಟಿದ್ದ. ಕೊಳ್ಳಲು ಬಂದಿದ್ದದ್ದು ಹೊರಗಿನ ಕಂಪನಿ. ಅದು ಕಾಲಿಟ್ಟಲ್ಲೆಲ್ಲ ಮೊದಲು ಏರುವುದು ನೆಲಬಾಡಿಗೆ. ನಮ್ಮ ರಾಜ್ಯದ ಕಾನೂನಿನಲ್ಲಿ ಒಂದು ಸಂದು ಇದೆ: ವಾಸಿಸುವವರೇ ಸಂಘ ಕಟ್ಟಿ, ಅರ್ಧಕ್ಕಿಂತ ಹೆಚ್ಚು ಮನೆಗಳವರು ಸಹಿ ಹಾಕಿದರೆ, ಸಹಕಾರಿ ನಿಧಿಯ ಸಾಲದಲ್ಲಿ ಪಾರ್ಕನ್ನು ತಾವೇ ಕೊಳ್ಳಬಹುದು. ಗಡುವು ಮಂಗಳವಾರ. ಸಭೆ ಮರುದಿನವೇ, ಶನಿವಾರ. ಸಹಿ ಹಾಕಿಸಲು ಓಡಾಡುತ್ತಿದ್ದವಳು ಕೊಲೆಟ್; ಜನ ಒಪ್ಪುತ್ತಿದ್ದದ್ದು ಅವಳ ಮಾತಿನ ಮೇಲೆ. ಅಕ್ಟೋಬರಿನಲ್ಲಿ ಅವಳು ಹೇಳಿದ್ದು ಕೇಳಿ ಈ ಚಳಿಗಾಲ ಮನೆ ಬೆಚ್ಚಗಾಗಿತ್ತಲ್ಲ.

"ಆ ದುಡ್ಡು ಬರಲ್ಲ ಅಂತ ಎಲ್ಲರಿಗೂ ಭಾನುವಾರ ಹೇಳು," ಅಂದೆ. "ನಾಳೆ ಸಹಿ ಆಗಿಹೋಗ್ಲಿ."

"ಸೋಮವಾರ ನಮ್ಮ ಪಾರ್ಕಿನ ವಿಲ್ಮರೂ ತೆರಿಗೆ ಬರೆಸೋಕೆ ಇಲ್ಲಿಗೇ ಬರ್ತಾನೆ, ಅದೇ ಮೇಜಿಗೆ."

"ಬರ್ಲಿ. ಅಷ್ಟೊತ್ತಿಗೆ ಸಹಿ ಹಾಕಿರ್ತಾನೆ."

ಕೊಲೆಟ್ ಕಿಟಕಿಯ ಕಡೆ ತಿರುಗಿಕೊಂಡಳು. "ಕಂಪನಿಯೋರು ಮಾಡೋದೂ ಅದೇ ಅಲ್ವೇನೇ ಜಿನೆಟ್? ಮೊದಲು ಸಹಿ, ಆಮೇಲೆ ಸುದ್ದಿ."

"ನೀನೇನು ಬೇಕಂತ ಸುಳ್ಳು ಹೇಳಿದ್ಯಾ?"

"ಇಲ್ಲ. ಆದ್ರೆ ನಾಳೆ ಬಾಯಿ ಮುಚ್ಕೊಂಡಿದ್ರೆ ಅದು ಬೇಕಂತಾನೇ ಆಗುತ್ತೆ." ರಸೀದಿಯ ಚೀಲವನ್ನು ಕಾಲ ಬಳಿ ಇಟ್ಟಳು. "ಸುಸ್ತಾಗಿದೆ ಕಣೇ. ಒಂದು ಮಾತು ಬಚ್ಚಿಟ್ಕೊಂಡು ಓಡಾಡೋಕೂ ತ್ರಾಣ ಬೇಕು."

ಸಭೆ ನಡೆದದ್ದು ಪಾರ್ಕಿನ ಬಟ್ಟೆ ಒಗೆಯುವ ಕೋಣೆಯಲ್ಲಿ. ನಾವೆಲ್ಲ ಸೇರುವಷ್ಟು ದೊಡ್ಡ ಕೋಣೆ ಬೇರೆ ಇಲ್ಲ. ಕೆಲವರು ಯಂತ್ರಗಳ ಮೇಲೆ ಹತ್ತಿ ಕೂತಿದ್ದರು. ಶಾಲಾಬಸ್ಸು ಓಡಿಸುವ ಡಾರ್ಲೀನ್ ಹ್ಯಾಚ್ ಬೀನ್ಸು ಬೇಯಿಸಿ ಪಾತ್ರೆ ಸಮೇತ ತಂದಿದ್ದಳು. ಎಲ್ಲರ ಕೈಗೆ ತಟ್ಟೆ ಬಂದ ಮೇಲೆ ಕೊಲೆಟ್ ಎದ್ದು ನಿಂತು ಮೊದಲು ಅದನ್ನೇ ಹೇಳಿದಳು. ಸುತ್ತಿಬಳಸದೆ, ಪ್ರೆಸ್ಕಾಟ್ ಹೇಳಿದಷ್ಟನ್ನೇ.

ವಿಲ್ಮರ್ ಗಾಗ್ನನ್ ತಟ್ಟೆಯನ್ನು ಡ್ರೈಯರಿನ ಮೇಲಿಟ್ಟ. ಕಾಗದದ ಕಾರ್ಖಾನೆ ಮುಚ್ಚುವವರೆಗೂ ಅಲ್ಲಿ ದುಡಿದವನು, ಈಗ ಬರೀ ಪಿಂಚಣಿ.

"ಅಂದ್ರೆ ನನಗೆ ಬರಲ್ಲ."

"ಬರಲ್ಲ ವಿಲ್ಮರ್."

"ಹಲ್ಲು ಕಟ್ಟಿಸ್ಕೊಳ್ಳೋಕೆ ಇಟ್ಟಿದ್ದ ದುಡ್ಡು ಕಣಮ್ಮ ಅದು. ಈಗ ನನ್ನ ಹಲ್ಲು ನನ್ನ ಸೂರಲ್ಲಿದೆ."

"ಅದಕ್ಕೇ ಈ ಸಲ ಸೂರು ಬಿಸೀನ ಕಚ್ಚಿ ಹಿಡ್ಕೊಂಡಿರೋದು," ಎಂದ ಹಿಂದಿನಿಂದ ನಮ್ಮ ಪಾರ್ಕಿನವನೇ ಆದ ರಸ್ಟಿ. ನಾಲ್ಕಾರು ಜನ ನಕ್ಕರು. ವಿಲ್ಮರ್ ನಗಲಿಲ್ಲ.

"ಮನೆ ಬೆಚ್ಚಗಾಗಿದ್ದೇನೋ ನಿಜ," ಎಂದಳು ಡಾರ್ಲೀನ್. "ಹೀಟರಲ್ಲಿ ಎಣ್ಣೆ ಕಮ್ಮಿ ಉರೀತಿದೆ. ಆದ್ರೆ ಆ ದುಡ್ಡು ಬರುತ್ತಂತ ನಾನು ಟೈರು ಸಾಲಕ್ಕೆ ತಂದು ಹಾಕಿಸ್ಬಿಟ್ಟೆ. ಕೊಲೆಟ್, ಸುಮ್ನೆ ಕೇಳ್ತೀನಿ, ನೀನು ಆ ಕರಪತ್ರ ಪೂರ್ತಿ ಓದಿದ್ಯಾ ಇಲ್ವಾ?"

"ಓದಿದ್ದೆ. ಹಿಂದಿನ ಪುಟದ ಕೆಳಗೆ ಸಣ್ಣಕ್ಷರದಲ್ಲಿತ್ತು, ಕಟ್ಟಬೇಕಾದ ತೆರಿಗೆಗಿಂತ ಹೆಚ್ಚು ಸಿಗಲ್ಲ ಅಂತ. ಸಂಬಳದಲ್ಲಿ ಹಿಡೀತಾರಲ್ಲ, ಅದೇ ತೆರಿಗೆ ಅಂದ್ಕೊಂಡೆ. ಅದೇನು ಕಮ್ಮಿ ಹಿಡೀತಾರಾ?"

ಅಲ್ಲಿದ್ದ ದುಡಿಯುವವರೆಲ್ಲ ಅದನ್ನೇ ಅಂದುಕೊಂಡಿದ್ದರು. ಹಿಡಿಯುವಾಗ ತೆರಿಗೆಯಂತೆಯೇ ಹಿಡಿದು, ಕೊಡುವಾಗ ಅದು ತೆರಿಗೆಯಲ್ಲ ಎನ್ನುವ ಲೆಕ್ಕವನ್ನು ಯಾವ ಶಾಲೆಯಲ್ಲಿ ಕಲಿಸುತ್ತಾರೋ ತಿಳಿಯದು.

"ಸರಿ," ಎಂದ ವಿಲ್ಮರ್. ಸಹಕಾರಿ ನಿಧಿಯವರು ಕಳಿಸಿದ್ದ ದಪ್ಪ ಕಾಗದದ ಕಟ್ಟಿನ ಕಡೆ ಬೆರಳು ಮಾಡಿದ. "ಇದರ ಹಿಂದಿನ ಪುಟದಲ್ಲಿ ಏನಿದೆ?"

"ಅದನ್ನೂ ಓದಿದ್ದೀನಿ."

"ನೀನು ಓದಿದ್ದು ಬಿಡು. ಈಗ ಓದು, ನಮ್ಮೆದುರು, ಜೋರಾಗಿ. ಒಂದು ಸಾಲೂ ಹಾರಿಸ್ಬೇಡ."

"ಬೆಳಗಾಗುತ್ತಪ್ಪ," ಎಂದ ರಸ್ಟಿ.

"ಆಗ್ಲಿ. ನಿನಗೇನು ಆಫೀಸಿಗೆ ಹೋಗ್ಬೇಕಾ?"

ಕೊಲೆಟ್ ಓದತೊಡಗಿದಳು. ಸಾಲದ ಷರತ್ತು, ಕಂತು, ಕೊಳವೆ ಒಡೆದರೆ ಯಾರ ಖರ್ಚು, ಸಂಘ ಸೋತರೆ ನೆಲ ಯಾರ ಪಾಲು. ಪ್ರತಿ ಪುಟದ ಕೊನೆಗೆ ನಿಲ್ಲಿಸುತ್ತಿದ್ದಳು, ಜನ ಕೇಳುತ್ತಿದ್ದರು. ಗೊತ್ತಿದ್ದದ್ದಕ್ಕೆ ಉತ್ತರಿಸಿದಳು. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ, ಕೇಳ್ಬೇಕು" ಅಂದಳು. ಆ ಮಾತನ್ನು ಹಿಂದೆ ಎಂದೂ ಅವಳ ಬಾಯಲ್ಲಿ ಕೇಳಿರಲಿಲ್ಲ. ಇಬ್ಬರು ಎದ್ದು ಹೋದರು. ಯಾರದೋ ಮಗು ಮಡಿಸಿದ ಬಟ್ಟೆಗಳ ಬುಟ್ಟಿಯಲ್ಲಿ ನಿದ್ದೆಹೋಯಿತು. ಓದಿ ಓದಿ ಕೊಲೆಟ್‌ಳ ಗಂಟಲು ಕಟ್ಟಿದಾಗ ನಾನು ಕೆಲವು ಪುಟ ಓದಿದೆ, ಆಮೇಲೆ ಡಾರ್ಲೀನ್. ಬಡವರು ಒಂದು ಸಹಿ ಹಾಕಲು ವಕೀಲರಾಗಬೇಕು. ಉಳ್ಳವರಿಗೆ ವಕೀಲರೇ ಓದಿ, ಎಲ್ಲಿ ಹೆಸರು ಬರೆಯಬೇಕೋ ಅಲ್ಲಿ ಹಳದಿ ಚೀಟಿ ಅಂಟಿಸಿಕೊಡುತ್ತಾರೆ.

ಓದಿ ಮುಗಿದ ಮೇಲೆ ಎಲ್ಲರೂ ವಿಲ್ಮರನ ಕಡೆ ನೋಡಿದರು.

"ಕಂಪನಿಯೋರಿಗಿಂತ ಇದು ವಾಸಿ," ಎಂದು ಪೆನ್ನು ಕೇಳಿದ. ಅವನ ಹಿಂದೆ ಉಳಿದವರು ಸಾಲುಗಟ್ಟಿದರು. ಪಾರ್ಕಿನ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಮನೆಗಳವರು, ಆದರೆ ಸಾಕಾಗುವಷ್ಟು.

ಉಳಿದದ್ದು ಅಧ್ಯಕ್ಷರ ಹೆಸರು. ಅದಿಲ್ಲದೆ ಕಾಗದ ಮುಂದೆ ಹೋಗುವುದಿಲ್ಲ. ಮೊದಲಿನಿಂದಲೂ ಕೊಲೆಟ್ ಎಂದೇ ಮಾತಾಗಿತ್ತು. ನಾನು ಆ ಹೆಸರು ಬರೆಯಲು ಬಗ್ಗಿದೆ.

"ತಾಳು," ಎಂದ ವಿಲ್ಮರ್. "ಕೊಲೆಟ್ ಬೇಡ. ಸಿಟ್ಟಿಗೆ ಹೇಳ್ತಿಲ್ಲ."

"ಸಿಟ್ಟಿಗೇ ಹೇಳ್ತಿರೋದು ಮಾರಾಯ," ಎಂದ ರಸ್ಟಿ.

"ಸಿಟ್ಟಿಗೇ ಅಂತ ಇಟ್ಕೋ. ನಾಳೆ ಕಂಪನಿಯೋರು ಮನೆಮನೆಗೆ ಬಂದು, ನಿಮ್ಮ ಅಧ್ಯಕ್ಷೆ ಹಿಂದಿನ ಸಲ ಏನು ಕೊಡಿಸ್ತೀನಿ ಅಂದಿದ್ರು ಅಂತ ಕೇಳಿದ್ರೆ ಏನು ಹೇಳ್ತೀಯ? ಡಾರ್ಲೀನ್ ಇರ್ಲಿ."

ಡಾರ್ಲೀನ್ ಬೀನ್ಸಿನ ಪಾತ್ರೆ ಕೆರೆಯುತ್ತಿದ್ದವಳು ತಲೆಯೆತ್ತಿದಳು. "ನನಗೆ ಬಸ್ಸು ಓಡ್ಸೋದು ಬಿಟ್ರೆ ಇನ್ನೇನು ಬರುತ್ತೆ?"

"ಐವತ್ತು ಮಕ್ಕಳನ್ನ ಕೂರಿಸ್ಕೊಂಡು ಹಿಮದಲ್ಲಿ ಓಡಿಸ್ತೀಯ. ನಾವೇನು ಅದಕ್ಕಿಂತ ತುಂಟರಾ?"

ಕೋಣೆಯ ಸಿಟ್ಟು ಎಲ್ಲಾದರೂ ಒಂದು ಕಡೆ ಇಳಿಯಬೇಕಿತ್ತು. ಆ ಕಾನೂನನ್ನು ಬರೆದವರು ನಮ್ಮ ಕೈಗೆ ಎಟುಕುವ ದೂರದಲ್ಲಿರಲಿಲ್ಲ. ಅವರಿಗೆ ಒಗೆಯುವ ಕೋಣೆಗಳಲ್ಲಿ ಸಭೆ ಇರುವುದಿಲ್ಲ. ಕೊಲೆಟ್ ಎಟುಕಿದಳು. ಮಂಗಳವಾರದ ಗಡುವಿಗೆ ಕಾಗದ ಹೊತ್ತುಕೊಂಡು ಹೋಗಲು ಆಗಲೂ ಅವಳೇ ಬೇಕಿತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

"ಡಾರ್ಲೀನ್‌ಗೆ ಒಪ್ಪಿಗೆ ಇರೋರು ಕೈ ಎತ್ತಿ," ಎಂದ ವಿಲ್ಮರ್.

ಮೊದಲು ಎದ್ದದ್ದು ಕೊಲೆಟ್‌ಳ ಕೈ. ಬೆಳಗಿನ ಪಾಳಿಯ ಸುಟ್ಟ ಕಲೆ ಮಣಿಕಟ್ಟಿನ ಮೇಲೆ ಇನ್ನೂ ಕೆಂಪಗಿತ್ತು. ಅದನ್ನು ನೋಡಿ ಒಬ್ಬೊಬ್ಬರಾಗಿ ಎತ್ತಿದರು. ನಾನು ಕೈಯನ್ನು ಕೋಟಿನ ಜೇಬಿನಲ್ಲೇ ಇಟ್ಟುಕೊಂಡಿದ್ದೆ.

ಅವಳು ನನ್ನ ಕಡೆ ಬಗ್ಗಿದಳು. ಓದಿ ಕಟ್ಟಿದ ಗಂಟಲಿಂದ ಸ್ವರ ಸರಿಯಾಗಿ ಹೊರಡುತ್ತಿರಲಿಲ್ಲ.

"ಎತ್ತೇ ಜಿನೆಟ್," ಅಂದಳು. "ಎಲ್ಲರೂ ಒಪ್ಪಿದ್ರು ಅಂತ ಬರೀಬೇಕು. ನಿಧಿಯೋರು ಅದನ್ನೇ ನೋಡೋದು."

ಎತ್ತಿದೆ.