ಒರೆಸದ ಬೆನ್ನು

ಹೊಳೆನರಸೀಪುರದ ಆ ಹಳೆಯ ಗರಡಿಯಲ್ಲಿ ಒಂದು ಕಟ್ಟಳೆ. ಗೆದ್ದವನು ಸೋತವನ ಬೆನ್ನಿಗೆ ಅಂಟಿದ ಮಣ್ಣನ್ನು ತನ್ನ ಕೈಯಾರೆ ಒರೆಸಬೇಕು. ಒರೆಸಿ, ಬೆನ್ನು ತಟ್ಟಿ, 'ಮುಗೀತು' ಎಂದರೆ ಮುಗಿಯಿತು. ಅಷ್ಟು ಸಣ್ಣ ಕೆಲಸ ಮಾಡಲು ಕೈ ಬಾರದೆ ಸಿದ್ದೇಶ್ವರ ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡ. ಮಾಡಿದ್ದುಣ್ಣೋ ಮಹರಾಯ ಅಂತ ಸುಮ್ಮನೆ ಹೇಳುತ್ತಾರೆಯೇ?

ಕಾಂತರಾಜುವಿಗೆ ಆಗಿನ್ನೂ ಮೀಸೆ ಚಿಗುರುತ್ತಿದ್ದ ವಯಸ್ಸು. ಆಳುದ್ದ ಬೆಳೆದಿದ್ದ, ಮೈಯಲ್ಲಿ ಮಾಂಸವಿರಲಿಲ್ಲ. ಸಿದ್ದೇಶ್ವರನೋ ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯವರ ಮಗ, ಗರಡಿಯಲ್ಲೇ ಮೇಲುಗೈ. ಕುಸ್ತಿಯಲ್ಲಿ ಕಾಂತರಾಜುವನ್ನು ಎತ್ತಿ ಕೆಮ್ಮಣ್ಣಿಗೆ ಬಡಿದ. ಸೋತ ಹುಡುಗ ಎದ್ದು, ಕಟ್ಟಳೆಯಂತೆ ಬೆನ್ನು ತಿರುಗಿಸಿ ನಿಂತ. ಸುತ್ತ ಜನ ನೋಡುತ್ತಿದ್ದರು.

"ಇವನ ಬೆನ್ನ ಒರೆಸಕ್ಕೆ ನಾನೇನು ಇವರಪ್ಪನ ಮನೆ ಆಳಾ?" ಎಂದ ಸಿದ್ದೇಶ್ವರ. "ಓಗಿ ಅವರವ್ವನ ಕೈಲಿ ಉಜ್ಜಿಸ್ಕಳ್ಳಲಿ."

ಜನ ನಕ್ಕರು. ಉಸ್ತಾದ್ ಕೆಂಚಯ್ಯ ಗದರಿಸುವಷ್ಟರಲ್ಲಿ ಅವನು ಹೊರಟೇ ಹೋಗಿದ್ದ. ಕಾಂತರಾಜು ಮಣ್ಣಿನ ಬೆನ್ನಿನ ಮೇಲೇ ಬನಿಯನ್ ಹಾಕಿಕೊಂಡು ಅರಕಲಗೂಡಿನ ಬಸ್ಸು ಹತ್ತಿದ. ಸೀಟು ಖಾಲಿಯಿದ್ದರೂ ಒರಗಲು ಮನಸ್ಸಾಗದೆ ದಾರಿಯುದ್ದಕ್ಕೂ ನಿಂತೇ ಬಂದ. ಮನೆಯಲ್ಲಿ ತಾಯಿ ಶಿವಗಂಗಮ್ಮ ಬನಿಯನ್ ಬಿಚ್ಚಿ ನೋಡಿದಳು. ಒಳಗೆಲ್ಲ ಕೆಂಪು. ಮಗ ಹೇಳಿದ್ದನ್ನು ಕೇಳಿಕೊಂಡು, ಅದನ್ನು ಮಡಚಿ ಟ್ರಂಕಿನ ತಳಕ್ಕೆ ಹಾಕಿದಳು.

"ಆ ಮುಂಡೇದರ ಬೆನ್ನ ನೀನು ಒರೆಸಿದ್ ದಿನ ಇದ ಒಗೀತೀನಿ" ಎಂದಳು.

ಆಮೇಲೆ ಕಾಂತರಾಜುವಿನ ಮೈ ತುಂಬಿತು. ಏಳು ಅಡಿಗೆ ಎರಡೇ ಬೆರಳು ಕಮ್ಮಿ. ಪಂಜಾಬಿನ ಶೋ ಕುಸ್ತಿಯ ಕಂಪನಿಯವರು ಬಂದು ಕರೆದುಕೊಂಡು ಹೋದರು, 'ಹೇಮಾವತಿ ಭೀಮ' ಎಂದು ಹೆಸರಿಟ್ಟರು. ದಿಲ್ಲಿ, ಕಠ್ಮಂಡು, ದುಬೈ, ಹೋದಲ್ಲೆಲ್ಲ ಸೊಂಟಕ್ಕೆ ಚಾಂಪಿಯನ್ ಬೆಲ್ಟು. ಹಾಸನದ ಹೋಟೆಲುಗಳಲ್ಲಿ ದೇವರ ಪಟದ ಪಕ್ಕ ಅವನ ಫೋಟೋ. ಯಾರು ಗೆಲ್ಲಬೇಕೆಂದು ಮೊದಲೇ ಮಾತಾಗುವ ಕುಸ್ತಿ ಅದು, ಸುಳ್ಳಲ್ಲ. ಆದರೆ ಹಗ್ಗದ ಮೇಲಿಂದ ಹಲಗೆಗೆ ಬೀಳುವ ಮೈ ನಿಜದ್ದೇ ತಾನೆ? ಅವನ ಎರಡೂ ಮಂಡಿ ಅಲ್ಲೇ ಸವೆದವು.

ಇತ್ತ ಸಿದ್ದೇಶ್ವರ ತೆಂಗಿನಕಾಯಿ ಮಂಡಿಯ ಗದ್ದುಗೆಯ ಮೇಲೆ ಕೂತು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: "ಟೀವೀಲಿ ಏನ್ ಬೇಕಾದ್ರೂ ತೋರುಸ್ತಾರೆ ಕಣಪ್ಪ. ಮಣ್ಣಲ್ಲಿ ಅವನ ಕೆಡವಿರೋನು ನಾನೊಬ್ನೆ." ಯಾರೋ ಪುಣ್ಯಾತ್ಮರು ಅದನ್ನು ವಿಡಿಯೋ ಮಾಡಿ ಕಾಂತರಾಜುವಿಗೆ ಕಳಿಸುತ್ತಿದ್ದರು. ದುಬೈಯಲ್ಲಿ ಬೆಲ್ಟು ಗೆದ್ದು ಇನ್ನೂ ಬೆವರು ಆರಿರಲಿಲ್ಲ, ಫೋನು ತೆರೆದರೆ ಆ ಮೀಸೆ, ಆ ನಗು. ಲೋಕವೆಲ್ಲ ಗೆದ್ದು ಏನು ಬಂತು, ಊರ ಲೆಕ್ಕದಲ್ಲಿ ತಾನಿನ್ನೂ ಸೋತವನೇ.

ಈ ವರ್ಷ ಕಾಲಿನ ಮಂಡಿ ಸಾಕು ಎಂದಿತು. ಕಾಂತರಾಜು ರಿಂಗು ಬಿಟ್ಟು ಊರಿಗೆ ಬಂದ. ಗರಡಿಯವರು ಸನ್ಮಾನ ಇಟ್ಟುಕೊಂಡರು. ಗರಡಿ ಸಮಿತಿಗೆ ಈಗ ಸಿದ್ದೇಶ್ವರನೇ ಅಧ್ಯಕ್ಷ! ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಮೈಕಿನಲ್ಲಿ ಅಂದ: "ಇಂಥ ಆನೇನೂ ಕೆಡವಿದ ಕೈ ಇದು, ನೋಡ್ಕಳಿ." ಮತ್ತೆ ಅದೇ ನಗು, ಅದೇ ಜನ.

ಕಾಂತರಾಜು ಪೇಟ ತೆಗೆದಿಟ್ಟ. ತಾಯಿಯ ಟ್ರಂಕಿನಿಂದ ತಂದಿದ್ದ ಹಳೆಯ ಬನಿಯನ್ ಚೀಲದಿಂದ ತೆಗೆದು ಮುದುಕ ಕೆಂಚಯ್ಯನ ಮುಂದೆ ಹಾಸಿದ.

"ಉಸ್ತಾದ್ರೆ, ಇದು ಈ ಗರಡಿ ಮಣ್ಣು. ಗೆದ್ದೋನು ಒರೆಸ್ನಿಲ್ಲ. ಆವತ್ತಿನ ಕುಸ್ತಿ ಮುಗುದದಾ?"

ಕೆಂಚಯ್ಯ ಕಲೆಯ ಮೇಲೆ ಬೆರಳಾಡಿಸಿದ. "ಇಲ್ಲ ಕಣಪ್ಪ. ಒರೆಸದ ಬೆನ್ನು ಸೋತ ಬೆನ್ನಲ್ಲ. ನಮ್ಮ ಗರಡಿ ಲೆಕ್ಕದಲ್ಲಿ ಆ ಕುಸ್ತಿ ಇನ್ನೂ ನಡೀತಾ ಅದೆ." ಆಮೇಲೆ ಸಿದ್ದೇಶ್ವರನ ಕಡೆ ತಿರುಗಿದ. "ಬಾರಲಾ, ಈಗಲಾದ್ರೂ ಒರೆಸ್ಬುಡು. ನೀನೇ ಗೆದ್ದಂಗೆ ಆಯ್ತದೆ."

ಇಷ್ಟು ವರ್ಷ ಹಗೆ ಸಾಕಿಕೊಂಡು ಬಂದ ಕಾಂತರಾಜುವಿಗೆ ಇದೊಂದು ಹೊಳೆದೇ ಇರಲಿಲ್ಲ. ಸಿದ್ದೇಶ್ವರ ಒಂದು ಸಲ ಕೈಯಾಡಿಸಿದರೆ ಸಾಕು, ತಾನು ಸಾಯುವ ತನಕ ಸೋತವನು. ಬೇಡ ಎನ್ನುವ ಹಾಗೂ ಇಲ್ಲ. ಅಂಗಿ ಬಿಚ್ಚಿ ಬೆನ್ನು ತಿರುಗಿಸಿ ನಿಂತ. ಹಿಂದೆ ಹೆಜ್ಜೆಯ ಸದ್ದು ಹತ್ತಿರವಾಯಿತು, ನಿಂತಿತು. ಕುತ್ತಿಗೆಗೆ ಉಸಿರು ತಾಕಿತು.

"ಆವತ್ತೇ ಒರೆಸ್ದೆ ಇದ್ದೋನು ಇವತ್ತು ಒರೆಸ್ತೀನಾ?" ಸಿದ್ದೇಶ್ವರ ಜನರಿಗೆ ಕೇಳುವಂತೆ ಅಂದ. "ಇವನ ಬೆನ್ನ ಇನ್ನೊಂದ್ ಸಲ ಮಣ್ಣು ಮಾಡ್ತೀನಿ, ಬೇಕಾರೆ."

ಕೆಟ್ಟೆಯಲ್ಲೋ ಸಿದ್ದೇಶ್ವರ! ಕಾಂತರಾಜುವಿಗೆ ಹೋದ ಜೀವ ಬಂದಂತಾಯಿತು.

"ಅಂಗಾರೆ ಲಂಗೋಟಿ ಕಟ್ಟು" ಎಂದ ಕೆಂಚಯ್ಯ.

ಸಿದ್ದೇಶ್ವರ ಗರಡಿ ಬಿಟ್ಟವನಲ್ಲ, ದಿನವೂ ಸಾಮು ಮಾಡಿದ ಮೈ. ಬಂದವನೇ ನೇರ ಮಂಡಿಗೆ ಕೈಹಾಕಿದ. ಇಲ್ಲಿ ಮಾತಾಡಿಕೊಂಡು ಬೀಳುವವರು ಯಾರೂ ಇರಲಿಲ್ಲ. ಕಾಂತರಾಜುವಿನ ಬಲಮಂಡಿ ಕಟಕ್ಕೆಂದಿತು, ಕಣ್ಣು ಕತ್ತಲೆ ಕಟ್ಟಿತು, ಕುಸಿದು ಎರಡೂ ಮಂಡಿಯ ಮೇಲೆ ಕೂತ. ಮುಗಿಯಿತು ಎಂದುಕೊಂಡು ಸಿದ್ದೇಶ್ವರ ಮೇಲೆ ಎರಗಿದ. ಅಲ್ಲೇ ತಪ್ಪಿದ್ದು. ಮಂಡಿಯೂರಿದ ಏಳಡಿ ಆಳಿನ ಹೆಗಲು ಅವನ ಹೊಟ್ಟೆಗೆ ಸರಿಯಾಗಿ ಕೂತಿತು, ಹಿಡಿಯಲು ಕಾಲು ಸಿಗಲಿಲ್ಲ. ಕಾಂತರಾಜು ಅವನ ತೋಳು ಹಿಡಿದು, ಅಗಸ ಕಲ್ಲಿಗೆ ಬಟ್ಟೆ ಬಡಿಯುವಂತೆ ಹೆಗಲ ಮೇಲಿಂದ ಎತ್ತಿ ಬಡಿದ. ಬೆನ್ನು ಪೂರ್ತಿ ಮಣ್ಣಿಗೆ. ಕೆಂಚಯ್ಯ ಕೈ ಎತ್ತಿದ.

ಸಿದ್ದೇಶ್ವರ ದಡಬಡ ಎದ್ದು ಗೋಡೆಗೆ ಬೆನ್ನು ಆನಿಸಿ ನಿಂತ. ಅವನಿಗೂ ಈಗ ಅರ್ಥವಾಗಿತ್ತು. ಒರೆಸದಿದ್ದರೆ ಸೋತಂತಲ್ಲ. ಅಂಗಿಗೆ ಕೈಚಾಚಿದ.

"ತಿರುಗಲಾ" ಎಂದ ಕೆಂಚಯ್ಯ.

ಸಿದ್ದೇಶ್ವರ ತಿರುಗಿದ. ಕಾಂತರಾಜು ಗೋಡೆ ಹಿಡಿದು ಎದ್ದು, ಕುಂಟುತ್ತ ಹೋಗಿ ಬನಿಯನ್ ಎತ್ತಿಕೊಂಡ. ಒದೆಯಬೇಕು, ಉಗಿಯಬೇಕು ಎಂದು ಎಷ್ಟು ವರ್ಷ ಅಂದುಕೊಂಡಿದ್ದನೋ. ಈಗ ಅದೆಲ್ಲ ಸಪ್ಪೆ ಎನ್ನಿಸಿತು. ಕುತ್ತಿಗೆಯಿಂದ ಶುರುಮಾಡಿ, ಮಗುವಿಗೆ ಒರೆಸುವ ಹಾಗೆ ನಿಧಾನವಾಗಿ ಒರೆಸಿದ. ಕೈಕೆಳಗೆ ಸಿದ್ದೇಶ್ವರನ ಬೆನ್ನು ನಡುಗುತ್ತಿತ್ತು. ಆ ನಡುಕ ಕಾಂತರಾಜುವಿಗೆ ಹಾಲು ಕುಡಿದಷ್ಟು ಹಿತವಾಗಿತ್ತು.

"ಬೇಗ ಮುಗ್ಸಲಾ" ಎಂದು ಸಿದ್ದೇಶ್ವರ ಗೊಣಗಿದ.

"ತಡಿಯಣ್ಣ. ಇಲ್ಲೊಂಚೂರು ಉಳಕಂಡದೆ."

ಅದನ್ನೂ ಒರೆಸಿದ. ಬೆನ್ನು ತಟ್ಟಿ, ಗರಡಿಗೆಲ್ಲ ಕೇಳುವಂತೆ ಅಂದ: "ಮುಗೀತು."

ಯಾರೂ ನಗಲಿಲ್ಲ. ಸಿದ್ದೇಶ್ವರ ಅಂಗಿಯನ್ನು ಕೈಯಲ್ಲೇ ಹಿಡಿದುಕೊಂಡು ಹೊರಗೆ ಹೋದ.

ಕಾಂತರಾಜು ಮನೆ ಮುಟ್ಟಿದಾಗ ಶಿವಗಂಗಮ್ಮ ಬಚ್ಚಲ ಒಲೆಗೆ ತೆಂಗಿನ ಗರಿ ತುಂಬುತ್ತಿದ್ದಳು. ಬನಿಯನ್ ಚಾಚಿದ. ಹಳೆಯ ಕೆಂಪಿನ ಮೇಲೆ ಹೊಸ ಕೆಂಪು ಹಸಿಯಾಗಿತ್ತು.

"ಒರೆಸ್ದಾ?"

"ಒರೆಸ್ದೆ ಕಣವ್ವ."

ಅವಳು ಸೋಪು ಹುಡುಕಲಿಲ್ಲ. ಬನಿಯನ್ನನ್ನು ಮುದುರಿ ಹಂಡೆಯ ಕೆಳಗೆ ತುರುಕಿದಳು.

"ಒಗೀತೀನಿ ಅಂದಿದ್ದೆ?"

"ಅದುಕ್ಕೆ ಸೋಪು ಬೇರೆ ದಂಡ." ಉರಿ ಹತ್ತುವ ತನಕ ನೋಡಿ, ತೆಂಗಿನ ನಾರು ಕೈಗೆ ತೆಗೆದುಕೊಂಡಳು. "ಬಾ, ಕುಂತ್ಕ. ಅವರವ್ವನ ಕೈಲಿ ಉಜ್ಜಿಸ್ಕಳ್ಳಲಿ ಅಂದಿದ್ನಲ್ಲ ಆ ಮಾರಾಯ. ಬಾ ಮಗ, ಉಜ್ತೀನಿ."